ಒಂದೇ ಪ್ಯಾನೆಲ್‌ನಲ್ಲಿ ಕರೆಂಟೂ ಬಿಸಿನೀರೂ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

"ಒಂದೇ ಪ್ಯಾನೆಲ್ ಕರೆಂಟನ್ನೂ ಕೊಡುತ್ತದಂತೆ, ನೀರನ್ನೂ ಕಾಯಿಸುತ್ತದಂತೆ. ದಕ್ಷತೆ ಶೇ. 80 ಅಂತಾರೆ. ನಂಬಬಹುದಾ?" ಮನೆ ಕಟ್ಟಿಸುತ್ತಿರುವ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ. ಒಂದು ಕಾಗದ, ಪೆನ್ನು ಇಟ್ಟುಕೊಂಡು ಓದಿ. ಲೆಕ್ಕ ಕಷ್ಟದ್ದಲ್ಲ.

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಶಾಖ, ಕರೆಂಟು ಎರಡನ್ನೂ ಸೇರಿಸಿದರೆ ಶೇ. 70-80 ಅನ್ನುವ ಸಂಖ್ಯೆ ಸುಳ್ಳಲ್ಲ. ಆದರೆ ಆ ಸಂಖ್ಯೆ ಬರುವ ಹೊತ್ತಿನಲ್ಲಿ ನೀರು ಬಿಸಿಯಾಗಿರುವುದಿಲ್ಲ, ಹೊರಗಿನ ಗಾಳಿಯಷ್ಟೇ ಬೆಚ್ಚಗಿರುತ್ತದೆ. ಸ್ನಾನಕ್ಕೆ ಆಗುವಷ್ಟು ಬಿಸಿ ಮಾಡಲು ಹೋದರೆ ಸಂಖ್ಯೆ ಇಳಿಯುತ್ತದೆ. ಹಾಗಾಗಿ "ದಕ್ಷತೆ ಎಷ್ಟು?" ಎಂದು ಯಾರನ್ನೇ ಕೇಳಿದರೂ, "ಎಷ್ಟು ಡಿಗ್ರಿ ನೀರಿಗೆ?" ಎಂದು ಸೇರಿಸಿಯೇ ಕೇಳಿ.

ಮೊದಲು ನಾಲ್ಕು ಮಾತುಗಳ ಅರ್ಥ

ಪಿವಿಟಿ: ಕರೆಂಟು ಮತ್ತು ಶಾಖ ಎರಡನ್ನೂ ಕೊಡುವ ಪ್ಯಾನೆಲ್. ಮುಂದಿನಿಂದ ನೋಡಿದರೆ ಮಾಮೂಲಿ ಸೋಲಾರ್ ಪ್ಯಾನೆಲ್ಲೇ. ಬೆನ್ನಿಗೆ ತಾಮ್ರದ್ದೋ ಅಲ್ಯೂಮಿನಿಯಂದೋ ಒಂದು ತಟ್ಟೆ ಅಂಟಿರುತ್ತದೆ. ಅದರ ಕೊಳವೆಗಳಲ್ಲಿ ನೀರು ಹರಿದು ಪ್ಯಾನೆಲ್‌ನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕಲ್ಪನೆ ಹೊಸದೇನಲ್ಲ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ 1973ರಲ್ಲೇ "ಸೋಲಾರ್ ಒನ್" ಎಂಬ ಮನೆ ಕಟ್ಟಿ, ಒಂದೇ ಮಾಡಿನಿಂದ ಕರೆಂಟು ಮತ್ತು ಬಿಸಿಗಾಳಿ ಎರಡನ್ನೂ ತೆಗೆದಿತ್ತು.

ದಕ್ಷತೆ: ಪ್ಯಾನೆಲ್ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ನಮ್ಮ ಕೆಲಸಕ್ಕೆ ಬಂತು ಅನ್ನುವುದು.

ಯೂನಿಟ್: ಕರೆಂಟ್ ಬಿಲ್ಲಿನಲ್ಲಿ ಇರುವುದೇ. ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಶಾಖವನ್ನೂ ಬಿಸಿಲನ್ನೂ ಇದರಲ್ಲೇ ಅಳೆಯಬಹುದು.

ಗಾಜಿನ ಮುಚ್ಚಳ: ಕೆಲವು ಪಿವಿಟಿಗಳ ಮೇಲೆ ಸ್ವಲ್ಪ ಅಂತರ ಬಿಟ್ಟು ಇನ್ನೊಂದು ಗಾಜು ಇರುತ್ತದೆ. ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವುದು ಮುಚ್ಚಳ ಇಲ್ಲದ್ದು. ನಾನು ಮುಖ್ಯವಾಗಿ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಹಂತ 1: ನಿಮಗೆ ಬೇಕಾದ ಬಿಸಿನೀರನ್ನು ಯೂನಿಟ್‌ಗೆ ಇಳಿಸಿ

ಸೂತ್ರ ಒಂದೇ ಸಾಲು. ಲೀಟರ್‌ಗಳನ್ನು, ಎಷ್ಟು ಡಿಗ್ರಿ ಏರಬೇಕೋ ಅದರಿಂದ ಗುಣಿಸಿ, 860ರಿಂದ ಭಾಗಿಸಿ. ಬಂದದ್ದು ಯೂನಿಟ್.

ಒಂದು ಮನೆಯಲ್ಲಿ ಆರು ಜನ ಎಂದುಕೊಳ್ಳಿ. ಬಕೆಟ್ ಸ್ನಾನ, ಅಡುಗೆಮನೆಗೆ ಸ್ವಲ್ಪ, ಎಲ್ಲ ಸೇರಿ ದಿನಕ್ಕೆ 200 ಲೀಟರ್. ನಲ್ಲಿ ನೀರು 24 ಡಿಗ್ರಿ. ಮೈಮೇಲೆ ಹಾಕಿಕೊಳ್ಳುವ ನೀರು 42 ಡಿಗ್ರಿ ಇದ್ದರೆ ಸಾಕು. ಏರಬೇಕಾದದ್ದು 18 ಡಿಗ್ರಿ. 200 × 18 ÷ 860, ಅಂದರೆ ಸುಮಾರು 4.2 ಯೂನಿಟ್. ಗೀಸರ್ ಹಾಕಿದರೆ ದಿನಕ್ಕೆ ಇಷ್ಟು ಕರೆಂಟು ಬೇಕು. ಟ್ಯಾಂಕಿನಿಂದ ಸೋರಿಹೋಗುವ ಶಾಖ ಇದಕ್ಕೆ ಮೇಲೆ.

ಇಲ್ಲಿ ಆಗುವ ತಪ್ಪು: ಮಾಮೂಲಿ ಸೋಲಾರ್ ವಾಟರ್ ಹೀಟರ್ ನೋಡಿ ಅಭ್ಯಾಸವಾದವರು "60 ಡಿಗ್ರಿ ಬೇಕು" ಎಂದು ಬರೆದುಕೊಳ್ಳುತ್ತಾರೆ. ಆ 60 ಡಿಗ್ರಿಗೆ ತಣ್ಣೀರು ಬೆರೆಸಿಯೇ ತಾನೇ ಸ್ನಾನ ಮಾಡುವುದು? ಪಿವಿಟಿ ಲೆಕ್ಕಕ್ಕೆ ಬೆರೆಸಿದ ಮೇಲಿನ ಡಿಗ್ರಿ ಬೇಕು, ಬೆರೆಸಿದ ಮೇಲಿನ ಲೀಟರ್ ಬೇಕು. ಈ ಒಂದು ಬದಲಾವಣೆಯಿಂದ ಪಿವಿಟಿ ನಿಮ್ಮ ಮನೆಗೆ ಆಗುತ್ತದೋ ಇಲ್ಲವೋ ಅನ್ನುವ ಉತ್ತರವೇ ಬದಲಾಗಬಹುದು.

ಹಂತ 2: ಕರೆಂಟಿನ ಲಾಭ ಎಷ್ಟು ಎಂದು ನೀವೇ ನೋಡಿ

ಬಿಸಿಯಾದರೆ ಸೋಲಾರ್ ಪ್ಯಾನೆಲ್ ಸೊರಗುತ್ತದೆ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ, ಒಂದು ಚದರ ಮೀಟರ್‌ಗೆ 1000 ವ್ಯಾಟ್ ಬಿಸಿಲಿನಲ್ಲಿ ಅಳೆದದ್ದು. ಸಿಲಿಕಾನ್ ಪ್ಯಾನೆಲ್‌ಗಳಲ್ಲಿ ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಕರೆಂಟು ಕಳೆದುಹೋಗುತ್ತದೆ. ಇದನ್ನು ತಾಪ ಗುಣಾಂಕ ಅನ್ನುತ್ತಾರೆ. ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರು ಕೊಡುವ ವಿವರದ ಹಾಳೆಯಲ್ಲಿ, ಇದ್ದೇ ಇರುತ್ತದೆ.

ಎರಡು ಚದರ ಮೀಟರ್‌ನ 400 ವ್ಯಾಟ್ ಪ್ಯಾನೆಲ್ ತೆಗೆದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ಅದು 60 ಡಿಗ್ರಿಗೆ ಹೋಗುವುದು ಮಾಮೂಲು. 35 ಡಿಗ್ರಿ ಜಾಸ್ತಿ, ಡಿಗ್ರಿಗೆ 0.35ರಂತೆ ಶೇ. 12 ನಷ್ಟ. ಉಳಿದದ್ದು ಸುಮಾರು 350 ವ್ಯಾಟ್. ನೀರು ಹರಿಸಿ 40 ಡಿಗ್ರಿಗೆ ಇಳಿಸಿದರೆ 379 ವ್ಯಾಟ್. ಅಂದರೆ ಆ ಹೊತ್ತಿಗೆ ಶೇ. 8ರಷ್ಟು ಲಾಭ.

ಇದು ಸುಡುಬಿಸಿಲಿನ ಹೊತ್ತಿನ ಮಾತು. ಬೆಳಗ್ಗೆ, ಸಂಜೆ, ಮೋಡದ ದಿನ ಪ್ಯಾನೆಲ್ ಹೇಗೂ ತಣ್ಣಗಿರುತ್ತದೆ, ಅಲ್ಲಿ ಉಳಿಸಲು ಏನೂ ಇಲ್ಲ. ಮಧ್ಯಾಹ್ನದ ಮೇಲೆ ಟ್ಯಾಂಕಿನ ನೀರು ಬೆಚ್ಚಗಾದಂತೆ ಅದು ತಂಪು ಮಾಡುವ ಶಕ್ತಿಯೂ ಕುಗ್ಗುತ್ತದೆ. ಇಡೀ ವರ್ಷಕ್ಕೆ ನೋಡಿದರೆ ಲಾಭ ಕೆಲವೇ ಶೇಕಡಾ. "ಕರೆಂಟು ಜಾಸ್ತಿ ಬರುತ್ತೆ" ಎಂಬ ಒಂದೇ ಕಾರಣಕ್ಕೆ ಪಿವಿಟಿ ಕೊಳ್ಳಬೇಡಿ. ಇದರ ನಿಜವಾದ ಫಲ ಬಿಸಿನೀರು, ಅದೂ ಕರೆಂಟಿನ ಜಾಗ ಕಿತ್ತುಕೊಳ್ಳದೆ ಬರುವ ಬಿಸಿನೀರು.

ಹಂತ 3: ಶಾಖದ ದಕ್ಷತೆಯನ್ನು ಡೇಟಾಶೀಟ್‌ನಿಂದ ಓದಿ

ಇದೇ ಇಡೀ ವಿಷಯದ ಜೀವ. ಸ್ವಲ್ಪ ನಿಧಾನವಾಗಿ ಓದಿ.

ಶಾಖದ ದಕ್ಷತೆಗೆ ಡೇಟಾಶೀಟ್‌ನಲ್ಲಿ ಎರಡು ಮುಖ್ಯ ಸಂಖ್ಯೆ ಇರುತ್ತವೆ. ಮೊದಲನೆಯದು ಆರಂಭದ ದಕ್ಷತೆ: ನೀರು ಮತ್ತು ಗಾಳಿ ಒಂದೇ ಡಿಗ್ರಿ ಇದ್ದಾಗ ಸಿಗುವ ಪಾಲು. ಎರಡನೆಯದು ಸೋರಿಕೆ: ನೀರು ಗಾಳಿಗಿಂತ ಪ್ರತಿ ಡಿಗ್ರಿ ಬಿಸಿಯಾದಂತೆ ಒಂದು ಚದರ ಮೀಟರ್‌ನಿಂದ ಎಷ್ಟು ವ್ಯಾಟ್ ಗಾಳಿಗೆ ಹೋಗುತ್ತದೆ ಅನ್ನುವುದು. ಈಗ ಸೋರಿಕೆಯನ್ನು ಡಿಗ್ರಿ ವ್ಯತ್ಯಾಸದಿಂದ ಗುಣಿಸಿ, ಬಿಸಿಲಿನ ವ್ಯಾಟ್‌ನಿಂದ ಭಾಗಿಸಿ, ಆರಂಭದ ದಕ್ಷತೆಯಿಂದ ಕಳೆಯಿರಿ.

ಉದಾಹರಣೆಗೆ ಮುಚ್ಚಳವಿಲ್ಲದ ಪಿವಿಟಿಗೆ ಆರಂಭದ ದಕ್ಷತೆ ಶೇ. 55, ಸೋರಿಕೆ 12 ವ್ಯಾಟ್ ಎಂದಿಟ್ಟುಕೊಳ್ಳೋಣ. ಬಿಸಿಲು 800 ವ್ಯಾಟ್. ನೀರು ಗಾಳಿಯಷ್ಟೇ ಇದ್ದಾಗ ಶೇ. 55. ಗಾಳಿಗಿಂತ 10 ಡಿಗ್ರಿ ಬಿಸಿಯಾದಾಗ ಶೇ. 40. 20 ಡಿಗ್ರಿಗೆ ಶೇ. 25. 30 ಡಿಗ್ರಿಗೆ ಬರೀ ಶೇ. 10.

ಪಕ್ಕದಲ್ಲಿ ಮಾಮೂಲಿ ಗಾಜಿನ ಪೆಟ್ಟಿಗೆಯ ವಾಟರ್ ಹೀಟರ್ ಇಡಿ. ಅದರ ಆರಂಭ ಶೇ. 75, ಸೋರಿಕೆ 4 ವ್ಯಾಟ್ ಎಂದುಕೊಂಡರೆ, 30 ಡಿಗ್ರಿ ವ್ಯತ್ಯಾಸದಲ್ಲೂ ಶೇ. 60 ಉಳಿಯುತ್ತದೆ. ಬಿಸಿನೀರಿನ ಕೆಲಸ ಒಂದನ್ನೇ ನೋಡಿದರೆ ಹಳೆಯ ಹೀಟರೇ ಮೇಲು. ಆದರೆ ಅದು ಕರೆಂಟು ಕೊಡುವುದಿಲ್ಲ.

ಗಾಳಿ 28 ಡಿಗ್ರಿ, ಕೊಳವೆಯ ನೀರು ಸರಾಸರಿ 38 ಡಿಗ್ರಿ ಇರುವ ಬೆಂಗಳೂರಿನ ಮಧ್ಯಾಹ್ನಕ್ಕೆ ಪಿವಿಟಿ ಚೆನ್ನಾಗಿಯೇ ಹೊಂದುತ್ತದೆ. ಶಾಖ ಶೇ. 40, ಕರೆಂಟು ಶೇ. 18ರ ಆಸುಪಾಸು. ಅದೇ ಪ್ಯಾನೆಲ್‌ನಿಂದ 58 ಡಿಗ್ರಿ ನೀರು ಕೇಳಿದರೆ ಶಾಖ ಶೇ. 10ಕ್ಕೆ ಬೀಳುತ್ತದೆ, ಬಿಸಿಯಾದ ಪ್ಯಾನೆಲ್‌ನ ಕರೆಂಟೂ ಇಳಿಯುತ್ತದೆ. ಪ್ಯಾನೆಲ್‌ಗೆ ತಂಪು ಬೇಕು, ನಮಗೆ ಬಿಸಿ ಬೇಕು. ಇವೆರಡರ ನಡುವೆ ಒಂದು ಹದದಲ್ಲಿ ನಿಲ್ಲುವುದೇ ಒಳ್ಳೆಯ ವಿನ್ಯಾಸ.

ಡೇಟಾಶೀಟ್‌ನಲ್ಲಿ ಇನ್ನೂ ಮೂರು ಕಡೆ ಎಚ್ಚರ. ಶಾಖವನ್ನು ಅಳೆದಾಗ ಪ್ಯಾನೆಲ್ ಕರೆಂಟು ಕೊಡುತ್ತಿತ್ತಾ ಎಂದು ನೋಡಿ. ಕರೆಂಟು ತೆಗೆಯದೆ ಅಳೆದರೆ ಆ ಪಾಲೂ ಶಾಖವಾಗಿ ಬಂದು ಸಂಖ್ಯೆ ದೊಡ್ಡದಾಗುತ್ತದೆ. ಆಮೇಲೆ ಮಾರಾಟಗಾರರು ಅದಕ್ಕೆ ಕರೆಂಟಿನ ಶೇ. 20 ಮತ್ತೆ ಕೂಡಿಸಿದರೆ, ಅದೇ ಬಿಸಿಲನ್ನು ಎರಡು ಸಲ ಎಣಿಸಿದಂತೆ. ಎರಡನೆಯದು ಗಾಳಿಯ ವೇಗ. ಗಾಳಿ ಬೀಸದ ಕೋಣೆಯ ಸಂಖ್ಯೆ ಚಿತ್ರದುರ್ಗ, ಗದಗದಂಥ ಗಾಳಿಯ ಊರಿನ ತಾರಸಿಗೆ ಹೊಂದುವುದಿಲ್ಲ. ಮುಚ್ಚಳವಿಲ್ಲದ ಪ್ಯಾನೆಲ್‌ಗೆ ಗಾಳಿಯೇ ದೊಡ್ಡ ಕಳ್ಳ. ಮೂರನೆಯದು ಪರೀಕ್ಷೆ. ಶಾಖದ ಭಾಗಕ್ಕೆ ಐಎಸ್‌ಒ 9806, ಪ್ಯಾನೆಲ್‌ಗೆ ಐಇಸಿ 61215 ಮತ್ತು 61730 ಎಂಬ ಅಂತರರಾಷ್ಟ್ರೀಯ ಪರೀಕ್ಷೆಗಳಿವೆ. ವರದಿ ಕೇಳಿ. ಕೊಡಲು ಹಿಂಜರಿದರೆ ಮುಂದೆ ಹೋಗಬೇಡಿ.

ಹಂತ 4: ಶಾಖವನ್ನೂ ಕರೆಂಟನ್ನೂ ಸುಮ್ನೆ ಕೂಡಿಸಬೇಡಿ

ಒಂದು ಯೂನಿಟ್ ಕರೆಂಟಿನಿಂದ ಮಿಕ್ಸಿ ಓಡುತ್ತದೆ, ಫ್ಯಾನ್ ತಿರುಗುತ್ತದೆ, ನೀರೂ ಕಾಯುತ್ತದೆ. ಒಂದು ಯೂನಿಟ್ ಬೆಚ್ಚಗಿನ ನೀರಿನಿಂದ ಸ್ನಾನ ಮಾತ್ರ ಆಗುತ್ತದೆ. ಎರಡೂ ಒಂದೇ ಬೆಲೆಯದ್ದಲ್ಲ. ಹಾಗಾಗಿ "ಒಟ್ಟು ದಕ್ಷತೆ" ಅನ್ನುವ ಒಂದು ಸಂಖ್ಯೆಯಿಂದ ತೀರ್ಮಾನ ಮಾಡಲು ಆಗುವುದಿಲ್ಲ.

ಬದಲಿಗೆ ಹೀಗೆ ಕೇಳಿಕೊಳ್ಳಿ: ಈ ಬಿಸಿನೀರು ಇಲ್ಲದಿದ್ದರೆ ನಾನು ಏನು ಸುಡುತ್ತಿದ್ದೆ? ಗೀಸರ್ ಅಥವಾ ಕಾಯಿಲ್ ಆದರೆ ಒಂದು ಯೂನಿಟ್ ಶಾಖ ಒಂದು ಯೂನಿಟ್ ಕರೆಂಟಿಗೆ ಸಮ. ಹೀಟ್ ಪಂಪ್ ಆದರೆ, ಅಂದರೆ ಫ್ರಿಜ್ಜಿನ ತತ್ವದಲ್ಲಿ ಗಾಳಿಯ ಶಾಖವನ್ನು ನೀರಿಗೆ ತುಂಬುವ ಯಂತ್ರ ಆದರೆ, ಸುಮಾರು ಮೂರನೇ ಒಂದು ಪಾಲಿಗೆ ಸಮ. ಹಳ್ಳಿ ಮನೆಯ ಬಚ್ಚಲ ಒಲೆಯಲ್ಲಿ ಹಂಡೆಗೆ ಸೌದೆ ಹಾಕುವವರಿಗೆ ಕರೆಂಟಿನ ಉಳಿತಾಯವೇ ಇಲ್ಲ. ಆದರೆ ಹೊಗೆಯೂ ಸೌದೆಯ ಕೆಲಸವೂ ಉಳಿಯುತ್ತದೆ. ಅದನ್ನು ನಾನು ಚಿಕ್ಕದೆಂದು ಹೇಳುವುದಿಲ್ಲ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಯವರು ಇನ್ನೊಂದು ಸಲ ಯೋಚಿಸಿ. ಬಿಲ್ಲೇ ಇಲ್ಲದ ಕಡೆ ಉಳಿಸಿದ ಯೂನಿಟ್‌ನಿಂದ ಹಣ ವಾಪಸ್ ಬರುವುದಿಲ್ಲ.

ಹಂತ 5: ತಾರಸಿ ಅಳೆದು ಮೂರು ದಾರಿ ಹೋಲಿಸಿ

ನೆರಳು ಬೀಳದ ಜಾಗ ಮಾತ್ರ ಅಳೆಯಿರಿ. ಓವರ್‌ಹೆಡ್ ಟ್ಯಾಂಕ್, ಪಕ್ಕದ ಮನೆಯ ಮೂರನೇ ಮಹಡಿ, ತೆಂಗಿನಮರ, ಎಲ್ಲದರ ನೆರಳನ್ನೂ ಡಿಸೆಂಬರ್ ತಿಂಗಳ ಲೆಕ್ಕದಲ್ಲಿ ನೋಡಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗಿರುತ್ತದೆ.

ನಮ್ಮ ಆರು ಜನರ ಮನೆಗೆ 12 ಚದರ ಮೀಟರ್ ಜಾಗ ಸಿಕ್ಕಿತು ಎಂದುಕೊಳ್ಳೋಣ. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಬೇಕಾದ ಬಿಸಿನೀರು 4.2 ಯೂನಿಟ್.

ಮೊದಲ ದಾರಿ: 4 ಚದರ ಮೀಟರ್‌ನ ಮಾಮೂಲಿ ವಾಟರ್ ಹೀಟರ್, ಉಳಿದ 8ರಲ್ಲಿ ಎರಡು ಚದರ ಮೀಟರ್‌ನ ಅದೇ 400 ವ್ಯಾಟ್ ಪ್ಯಾನೆಲ್ ನಾಲ್ಕು. ಬಿಸಿನೀರು ಧಾರಾಳ. ಕರೆಂಟು ದಿನಕ್ಕೆ 6.4 ಯೂನಿಟ್.

ಎರಡನೇ ದಾರಿ: ಆರೂ ಮಾಮೂಲಿ ಪ್ಯಾನೆಲ್, ನೀರಿಗೆ ಹೀಟ್ ಪಂಪ್. ಕರೆಂಟು 9.6, ಹೀಟ್ ಪಂಪ್‌ಗೆ 1.4 ಹೋಗಿ ಉಳಿಯುವುದು 8.2. ಹೀಟ್ ಪಂಪ್ ಬದಲು ಗೀಸರ್ ಇಟ್ಟರೆ ಉಳಿಯುವುದು 5.4 ಮಾತ್ರ.

ಮೂರನೇ ದಾರಿ: ನಾಲ್ಕು ಮಾಮೂಲಿ ಪ್ಯಾನೆಲ್, ಎರಡು ಪಿವಿಟಿ. ಕರೆಂಟು 9.6, ನೀರು ಸುತ್ತಿಸುವ ಸಣ್ಣ ಪಂಪಿಗೆ ಸ್ವಲ್ಪ ಹೋಗಿ ಸುಮಾರು 9.4. ಎರಡು ಪಿವಿಟಿ ಮೇಲೆ ದಿನಕ್ಕೆ 20 ಯೂನಿಟ್ ಬಿಸಿಲು ಬಿದ್ದರೆ, ಅದರಲ್ಲಿ ಐದನೇ ಒಂದು ಪಾಲು ಟ್ಯಾಂಕಿಗೆ ಬಂದರೂ 4 ಯೂನಿಟ್ ಶಾಖ. ಬಿಸಿಲಿನ ದಿನ ನಮ್ಮ ಅಗತ್ಯ ಹೆಚ್ಚುಕಮ್ಮಿ ಮುಗಿಯಿತು.

ಜಾಗ ಸಾಲದ ಮನೆಗೆ ಮೂರನೆಯದು ಗೆಲ್ಲುತ್ತದೆ. ಆದರೆ ಜಾಗ ಇದ್ದರೆ? ಮೊದಲ ದಾರಿಗೆ ಇನ್ನೆರಡು ಮಾಮೂಲಿ ಪ್ಯಾನೆಲ್ ಸೇರಿಸಿದರೆ ಕರೆಂಟೂ 9.6 ಆಗುತ್ತದೆ, ನೀರೂ ಜಾಸ್ತಿ ಬಿಸಿ ಇರುತ್ತದೆ, ರಿಪೇರಿಗೆ ಊರಿನ ಯಾವ ಪ್ಲಂಬರ್ ಬೇಕಾದರೂ ಸಾಕು. ಹಳ್ಳಿಯಲ್ಲಿ ದೊಡ್ಡ ತಾರಸಿ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಪಿವಿಟಿ ಇಕ್ಕಟ್ಟಾದ ತಾರಸಿಯ ಮದ್ದು.

ಒಂದು ಸಾಮಾನ್ಯ ತಪ್ಪು: ಆರಕ್ಕೆ ಆರೂ ಪಿವಿಟಿ ಹಾಕಿಸುವುದು. ಬಳಸಲು ಆಗದಷ್ಟು ಬೆಚ್ಚಗಿನ ನೀರು ಬರುತ್ತದೆ. ಹಿಡಿದಿಡಲು 600 ಲೀಟರ್ ಟ್ಯಾಂಕ್ ಬೇಕಾಗುತ್ತದೆ. ಬಳಸದ ಶಾಖದ ದಕ್ಷತೆ ಸೊನ್ನೆ. ಬಿಸಿನೀರಿಗೆ ಎಷ್ಟು ಬೇಕೋ ಅಷ್ಟೇ ಪಿವಿಟಿ ಹಾಕಿಸಿ.

ಸಬ್ಸಿಡಿ ಬಗ್ಗೆ: 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000. ಇದು ಕರೆಂಟಿನ ಕಿಲೋವ್ಯಾಟ್‌ಗೆ ಮಾತ್ರ, ಶಾಖಕ್ಕೆ ಅಲ್ಲ. ಪ್ಯಾನೆಲ್‌ಗಳು ದೇಶದಲ್ಲೇ ತಯಾರಾದ ಸೆಲ್‌ಗಳದ್ದಾಗಿರಬೇಕು. ನೀವು ನೋಡಿರುವ ಪಿವಿಟಿ ಆ ನಿಯಮಕ್ಕೆ ಹೊಂದುತ್ತದಾ ಎಂದು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ.

ಹಂತ 6: ಕೊಳವೆ, ಟ್ಯಾಂಕ್, ಪಂಪ್

ಬೋರ್‌ವೆಲ್ ನೀರನ್ನು ನೇರವಾಗಿ ಪಿವಿಟಿಗೆ ಬಿಡಬೇಡಿ. ಗಡಸು ನೀರಾದರೆ ಸಣ್ಣ ಕೊಳವೆಗಳಲ್ಲಿ ಉಪ್ಪು ಕಟ್ಟುತ್ತದೆ. ಬೆನ್ನಿಗೆ ಅಂಟಿದ ತಟ್ಟೆಯನ್ನು ಬಿಚ್ಚಿ ತೊಳೆಯಲು ಆಗುವುದಿಲ್ಲ. ಪ್ಯಾನೆಲ್‌ನಲ್ಲಿ ಒಮ್ಮೆ ತುಂಬಿದ, ಗಡಸಲ್ಲದ ನೀರೇ ಮತ್ತೆ ಮತ್ತೆ ಸುತ್ತುತ್ತಿರಬೇಕು. ಅದು ಟ್ಯಾಂಕಿನ ಒಳಗಿನ ಸುರುಳಿ ಕೊಳವೆ ಮೂಲಕ ಸ್ನಾನದ ನೀರಿಗೆ ಶಾಖ ದಾಟಿಸಬೇಕು.

ಒಂದು ಪ್ಯಾನೆಲ್‌ನಿಂದ ಹೊರಬಂದ ನೀರನ್ನೇ ಇನ್ನೊಂದಕ್ಕೆ ಬಿಡದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಕವಲು ಕೊಡಿಸಿ, ಎಲ್ಲಕ್ಕೂ ಸಮನಾಗಿ ನೀರು ಹೋಗಲಿ. ಪಂಪಿಗೆ ಎರಡು ಸೆನ್ಸರ್‌ನ ಕಂಟ್ರೋಲರ್ ಬೇಕು. ಪ್ಯಾನೆಲ್, ಟ್ಯಾಂಕಿನ ತಳಕ್ಕಿಂತ ಐದಾರು ಡಿಗ್ರಿ ಬಿಸಿಯಾದಾಗ ಶುರುವಾಗಿ, ವ್ಯತ್ಯಾಸ ಎರಡು ಮೂರಕ್ಕೆ ಇಳಿದಾಗ ನಿಲ್ಲಬೇಕು. ನಾನ್ ರಿಟರ್ನ್ ವಾಲ್ವ್ ಮರೆಯಬೇಡಿ. ಅದು ಇಲ್ಲದಿದ್ದರೆ ರಾತ್ರಿ ಬಿಸಿನೀರು ತಾನಾಗಿ ಮೇಲೇರಿ ಪ್ಯಾನೆಲ್‌ನಲ್ಲಿ ತಣ್ಣಗಾಗುತ್ತದೆ.

ಬ್ಯಾಕಪ್ ಕಾಯಿಲ್ ಎಲ್ಲಿ ಇಡಬೇಕು ಅನ್ನುವುದು ತುಂಬ ಮುಖ್ಯ. ಪಿವಿಟಿ ಟ್ಯಾಂಕಿನ ಒಳಗೇ ಇಟ್ಟು ಸಂಜೆ ಕಾಯಿಸಿದರೆ, ಮರುದಿನ ಪ್ಯಾನೆಲ್‌ಗೆ ಹೋಗುವ ನೀರೇ ಬಿಸಿ ಇರುತ್ತದೆ. ದಕ್ಷತೆ ಎರಡೂ ಕಡೆ ಸಾಯುತ್ತದೆ. ಪಿವಿಟಿ ಟ್ಯಾಂಕಿನ ನೀರು ಮನೆಯೊಳಗಿನ ಸಣ್ಣ ಗೀಸರ್ ಮೂಲಕ ಬರಲಿ. ಬೆಚ್ಚಗಿನ ನೀರು ಒಳಗೆ ಬಂದರೂ ತಡೆಯುವ ಗೀಸರ್ ಆಗಿರಬೇಕು, ಕೊಳ್ಳುವಾಗ ಕೇಳಿ. ಬಿಸಿಲಿದ್ದ ದಿನ ಅದು ಹತ್ತುವುದೇ ಇಲ್ಲ. ಜೂನ್, ಜುಲೈ ಮಳೆಯಲ್ಲಿ ಉಳಿದ ಹತ್ತು ಡಿಗ್ರಿಯನ್ನು ಅದು ಸೇರಿಸುತ್ತದೆ.

ಆರೋಗ್ಯದ ಮಾತು: 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಹನಿಯಾಗಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ದಿನವೂ ಟ್ಯಾಂಕ್ ಖಾಲಿಯಾಗುವ ಮನೆಯಲ್ಲಿ ಅಪಾಯ ಕಮ್ಮಿ. ಊರಿಗೆ ಹೋಗಿ ಬಂದಾಗ, ಹಾಸ್ಟೆಲ್ ಅಥವಾ ಆಸ್ಪತ್ರೆಯಾದರೆ ವೇಳಾಪಟ್ಟಿ ಹಾಕಿಕೊಂಡು, ಟ್ಯಾಂಕಿನ ನೀರನ್ನು 60 ಡಿಗ್ರಿಗೆ ಕಾಯಿಸಿ. ಅದಕ್ಕೆಂದೇ ಟ್ಯಾಂಕಿನಲ್ಲಿ ಒಂದು ಕಾಯಿಲ್ ಇರಲಿ, ದಿನಬಳಕೆಗೆ ಬೇಡ.

ಮಾಮೂಲಿ ಪ್ಯಾನೆಲ್ ಬೆನ್ನಿಗೆ ತಾಮ್ರದ ಪೈಪ್ ಅಂಟಿಸಿ ಮನೆಯಲ್ಲೇ ಪಿವಿಟಿ ಮಾಡಬಹುದಾ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ವಾರಂಟಿ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವೈರಿನಿಂದ ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ನೂರಾರು ವೋಲ್ಟ್ ಡಿಸಿ ಕರೆಂಟು ಇರುತ್ತದೆ. ಬೆನ್ನಿನ ಹಾಳೆಗೆ ಗೀರು ಬಿದ್ದು, ಅಲ್ಲಿ ಲೋಹದ ಪೈಪೂ ನೀರೂ ಸೇರಿದರೆ ಜೀವಕ್ಕೆ ಅಪಾಯ.

ಹಂತ 7: ಹಾಕಿಸಿದ ಮೇಲೆ ನೀವೇ ಅಳೆಯಿರಿ

ಮೊದಲ ದಿನ ಬಹಳ ಜನ ಹೆದರುತ್ತಾರೆ. ಪ್ಯಾನೆಲ್‌ನಿಂದ ಹೊರಬರುವ ಪೈಪ್ ಮುಟ್ಟಿದರೆ, ಒಳಹೋಗುವ ಪೈಪ್‌ಗಿಂತ ನಾಲ್ಕೈದು ಡಿಗ್ರಿ ಮಾತ್ರ ಬಿಸಿ. ಅದು ಸರಿಯಾಗಿಯೇ ಇದೆ. ನೀರು ದಿನವಿಡೀ ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪವೇ ಕಾಯುತ್ತದೆ. ಒಂದೇ ಸುತ್ತಿಗೆ 20 ಡಿಗ್ರಿ ಏರುತ್ತಿದ್ದರೆ ಆಗ ಅನುಮಾನಪಡಿ, ಹರಿವು ಕಟ್ಟಿಕೊಂಡಿದೆ.

ಅಳೆಯಲು ಮೋಡವಿಲ್ಲದ ದಿನ ಬೇಕು. ಬೆಳಗ್ಗೆ ಸ್ನಾನಗಳೆಲ್ಲ ಮುಗಿದು ಟ್ಯಾಂಕ್ ತಣ್ಣೀರಿನಿಂದ ತುಂಬಿರಲಿ. 11 ಗಂಟೆಗೆ ಟ್ಯಾಂಕಿನ ಡಿಗ್ರಿ ಮತ್ತು ಇನ್ವರ್ಟರ್ ಆ್ಯಪ್‌ನಲ್ಲಿ ಎರಡು ಪಿವಿಟಿ ಪ್ಯಾನೆಲ್‌ಗಳ ಯೂನಿಟ್ ಬರೆದುಕೊಳ್ಳಿ. ಮಧ್ಯಾಹ್ನ 1 ಗಂಟೆ ಹೊಡೆಯುವವರೆಗೆ ಯಾರೂ ಬಿಸಿನೀರು ಬಿಡಬಾರದು. ಮತ್ತೆ ಬರೆದುಕೊಳ್ಳಿ.

200 ಲೀಟರ್ 24ರಿಂದ 33 ಡಿಗ್ರಿಗೆ ಏರಿತು ಎನ್ನೋಣ. 200 × 9 ÷ 860, ಸುಮಾರು 2.1 ಯೂನಿಟ್ ಶಾಖ. ಕರೆಂಟು 1.25 ಯೂನಿಟ್. ಬಿದ್ದ ಬಿಸಿಲು: 4 ಚದರ ಮೀಟರ್, 2 ಗಂಟೆ, ಸರಾಸರಿ 900 ವ್ಯಾಟ್, ಒಟ್ಟು 7.2 ಯೂನಿಟ್. ಶಾಖದ ದಕ್ಷತೆ ಶೇ. 29, ಕರೆಂಟಿನದು ಶೇ. 17. ಬಿಸಿಲು ಅಳೆಯಲು ಕೈಯಲ್ಲಿ ಹಿಡಿಯುವ ಸೋಲಾರ್ ಮೀಟರ್ ಸಿಗುತ್ತದೆ. ಹಾಕಿಸಿದವರ ಹತ್ತಿರ ಇದ್ದರೆ ಅವರಿಂದಲೇ ಅಳೆಸಿ. ಮೀಟರನ್ನು ಪ್ಯಾನೆಲ್ ವಾಲಿರುವಷ್ಟೇ ವಾಲಿಸಿ ಹಿಡಿಯಬೇಕು, ನೆಲಕ್ಕೆ ಸಮನಾಗಿ ಅಲ್ಲ.

ಇದೇ ಅಳತೆಯನ್ನು ಸಂಕ್ರಾಂತಿ ಹೊತ್ತಿಗೆ ಒಮ್ಮೆ, ಯುಗಾದಿ ಕಳೆದ ಮೇಲೆ ಒಮ್ಮೆ ಮಾಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಹೊತ್ತಿಗೆ, ಅಂಥದೇ ಬಿಸಿಲಿಗೆ ಹೋಲಿಸಿ. ಶಾಖ ಇಳಿದು ಕರೆಂಟು ಅಷ್ಟೇ ಇದ್ದರೆ ಪಂಪ್, ಕೊಳವೆಯೊಳಗಿನ ಗಾಳಿ, ಸುರುಳಿಗೆ ಕಟ್ಟಿದ ಉಪ್ಪು, ಈ ಮೂರನ್ನು ನೋಡಿಸಿ. ಎರಡೂ ಒಟ್ಟಿಗೆ ಇಳಿದಿದ್ದರೆ ಮೊದಲು ಗಾಜು ಒರೆಸಿ, ಧೂಳೇ ಇರಬಹುದು. ಒರೆಸುವುದನ್ನು ಬೆಳಗ್ಗೆ ಪ್ಯಾನೆಲ್ ತಣ್ಣಗಿರುವಾಗ ಮಾಡಿ, ಉಪ್ಪುನೀರು ಬೇಡ.